ಒಂದು ಮೊಳ ಎಡಕ್ಕೆ

ಭೀಮಾ ಹೊಳೆಯ ಆ ದಂಡೆಗೆ ಸ್ವಾತಂತ್ರ್ಯ ಬಂದಿತ್ತು, ಈ ದಂಡೆಗೆ ಇನ್ನೂ ಬಂದಿರಲಿಲ್ಲ. ಈಜು ಬಾರದೆ ಅದು ಆ ಕಡೆಯೇ ನಿಂತುಬಿಟ್ಟಿದೆ ಎಂದು ಹೊಳೆಕುಂಟಿಯ ಜನ ನಗುತ್ತಿದ್ದರು. ನಗು ಬಾಯಲ್ಲಿ ಮಾತ್ರ ಇತ್ತು. ಆ ಕಡೆ ಬಿಜಾಪುರ ಜಿಲ್ಲೆ, ಈ ಕಡೆ ನಿಜಾಮರ ರಾಜ್ಯದ ಅಫಜಲಪುರ ತಾಲೂಕು, ನಡುವೆ ನಲವತ್ತೇಳನೇ ಇಸವಿಯ ಮಳೆಗಾಲದ ಕೆಂಪು ನೀರು. ದಸರೆಯ ಹೊತ್ತಿಗೆ ಬೆಳಗಿನ ಮಂಜು ಬೀಳತೊಡಗಿತು. ಮಂಜು ಬಿದ್ದಾಗ ಎರಡೂ ದಂಡೆಗಳು ಅಳಿಸಿಹೋಗಿ, ಯಾವುದು ಯಾರ ರಾಜ್ಯವೆಂದು ಕೊಕ್ಕರೆಗಳಿಗೂ ತಿಳಿಯುತ್ತಿರಲಿಲ್ಲ.

ಆ ಮಂಜನ್ನು ನೋಡುತ್ತ ಕೂರುವುದು ನಾಗಣ್ಣನ ನಿತ್ಯದ ಉದ್ಯೋಗ. ಊರ ಅಂಚಿನಲ್ಲಿ ಹುಡೇವು ಇತ್ತು. ಕಲ್ಲು ಮಣ್ಣು ಸೇರಿಸಿ ಯಾವ ಕಾಲದಲ್ಲೋ ಕಟ್ಟಿದ ಕಾವಲು ಬುರುಜು. ಅದರ ಮೇಲೆ ಹತ್ತಿ ಕೂತರೆ ಹೊಳೆ ದಾಟುವ ಕಡವು, ದೋಣಿ, ಆಚೆಯ ಹೊಲಗಳು ಎಲ್ಲವೂ ಕಾಣುತ್ತಿದ್ದವು. ನಾಗಣ್ಣ ದೊಡ್ಡ ಲಢಾಯಿಗೆ ಹೋಗಿ ಜೀವಸಹಿತ ಬಂದವನು. ಬಂದಾಗಿನಿಂದ ಅವನಿಗೆ ಕಣ್ಣು ತೆರೆದೇ ಕನಸು ಕಾಣುವ ಚಟ ಹತ್ತಿತ್ತು. ನೇಗಿಲು ಹಿಡಿದರೆ ಸಾಲು ಮುಗಿದದ್ದು ಗೊತ್ತಾಗದೆ ಪಕ್ಕದವರ ಹೊಲಕ್ಕೆ ಹೋಗಿಬಿಡುತ್ತಿದ್ದ. ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಕೂರುತ್ತಿದ್ದ, ಪಲ್ಯ ಆರಿಹೋಗುತ್ತಿತ್ತು. ಜನ ಅವನನ್ನು ಮಿಲ್ಟ್ರಿ ನಾಗಣ್ಣ ಎನ್ನುತ್ತಿದ್ದರು. ಆ ಹೆಸರಿನಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ.

ಬಂದೂಕು ಹಿಡಿದಾಗ ಮಾತ್ರ ಅವನು ಎಚ್ಚರವಾಗುತ್ತಿದ್ದ. ಎಚ್ಚರ ಎನ್ನುವುದೂ ತಪ್ಪೇ, ಕನಸೇ ಇನ್ನಷ್ಟು ತಿಳಿಯಾಗುತ್ತಿತ್ತು. ಹಿಡಿಕೆ ಹೆಗಲಿಗೆ ತಾಗಿದ ಕೂಡಲೇ ಸುತ್ತಲಿನ ಸದ್ದೆಲ್ಲ ನೀರಿನೊಳಗೆ ಮುಳುಗಿಹೋಗುತ್ತಿತ್ತು. ನಾಯಿ ಬೊಗಳುವುದು, ಎತ್ತಿನ ಗೆಜ್ಜೆ, ತನ್ನದೇ ಎದೆಬಡಿತ ಯಾವುದೂ ಕೇಳುತ್ತಿರಲಿಲ್ಲ. ಉಳಿಯುವುದು ಗುರಿ ಒಂದೇ. ಇಡೀ ಪಲ್ಟನ್ನಿನಲ್ಲಿ ಇವನಷ್ಟು ಚೊಕ್ಕ ಹೊಡೆಯುವವರು ಇರಲಿಲ್ಲವಂತೆ. ಹಾಗೆಂದು ಅವನು ಯಾರಿಗೂ ಹೇಳಿಕೊಂಡವನಲ್ಲ, ಹೇಳಿದ್ದು ಅವನ ಗುರು.

ಗುರು ಎಂದರೆ ಖಾದರಸಾಬ. ದೌಲತರಾಯಗೌಡರ ವಾಡೆಯ ಬಂದೂಕುಗಳನ್ನು ನೋಡಿಕೊಳ್ಳುವುದು ಅವನ ಮನೆತನದ ಕೆಲಸ. ಜೋಳದ ಹೊಲಕ್ಕೆ ಹಂದಿ ಬಿದ್ದರೆ ಊರು ಅವನ ಬಾಗಿಲು ಬಡಿಯುತ್ತಿತ್ತು. ಮೀಸೆ ಮೂಡುವ ವಯಸ್ಸಿನಲ್ಲಿ ನಾಗಣ್ಣ ಅವನ ಬೆನ್ನು ಹತ್ತಿ, ಅವನ ಹಳೆಯ ಮದ್ದು ತುಂಬುವ ಬಂದೂಕಿನಲ್ಲಿ ಕಲಿತಿದ್ದ. "ಮೊದಲ ಗುರಿ ನೋಡು. ಆಮ್ಯಾಲ ಬಂದೂಕನ್ನ ಮರಿ. ಆಮ್ಯಾಲ ನಿನ್ನನ್ನೂ ಮರಿ. ಆಗ ಗುಂಡು ತಾನಾಗೇ ಹೋಗ್ತದ," ಎಂದು ಖಾದರಸಾಬ ಕಲಿಸಿದ್ದ. ಪಲ್ಟನ್ನಿನ ಹವಾಲ್ದಾರ ಸಿಟ್ಟಿನಿಂದ ಕಿರುಚಿ ಕಲಿಸಿದ್ದೆಲ್ಲ ಈ ಮೆತ್ತಗಿನ ಮಾತಿನ ಮುಂದೆ ಏನೇನೂ ಅಲ್ಲ ಎಂದು ನಾಗಣ್ಣನ ನಂಬಿಕೆ.

ಆ ದಸರೆಯ ಹೊತ್ತಿಗೆ ಊರಲ್ಲಿ ಎರಡು ರೈಫಲ್ಲು ಇದ್ದವು. ಒಂದು ವಾಡೆಯದು, ಲೈಸನ್ಸಿನದು. ಅದರ ಮೈಮೇಲೆ ಬೆಳ್ಳಿಯ ಹೂಬಳ್ಳಿ ಕೊರೆದಿದ್ದರಿಂದ ಜನ ಅದನ್ನು ಹೂವಿನ ರೈಫಲ್ಲು ಎನ್ನುತ್ತಿದ್ದರು. ಇನ್ನೊಂದು ಹೊಳೆಯಾಚೆ ನಿಜಾಮರ ವಿರುದ್ಧ ಹೋರಾಡುವವರ ಶಿಬಿರದಿಂದ ಜೋಳದ ಕಣಿಕೆಯ ಸೂಡಿನಲ್ಲಿ ಅಡಗಿ ದೋಣಿ ಹತ್ತಿ ಬಂದದ್ದು. ಮಿಲ್ಟ್ರಿಯದು, ಬೋಳು, ಮೂತಿಯವರೆಗೂ ಕಟ್ಟಿಗೆ ಹೊದ್ದದ್ದು, ಗೀರುಬಿದ್ದದ್ದು. ನಿಜಾಮರ ಪರವಾಗಿ ಆಯುಧ ಹಿಡಿದ ರಜಾಕಾರರ ಹೆದರಿಕೆ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ಆಳಂದ ಕಡೆಯ ಸಂಸಾರಗಳು ಗಂಟುಮೂಟೆ ಹೊತ್ತು ಬಂದು ಇದೇ ಕಡವಿನಲ್ಲಿ ಹೊಳೆ ದಾಟುತ್ತಿದ್ದವು. ದೋಣಿ ನಡುನೀರಿನಲ್ಲಿರುವಾಗ ಕಡವು ಕಾಯಲು ಹುಡೇವಿನ ಮೇಲೆ ಒಬ್ಬ ಬೇಕಿತ್ತು.

ಎರಡರಲ್ಲಿ ಯಾವುದು ಒಳ್ಳೆಯದು? ಊರು ಇದರ ಮೇಲೆ ಎರಡು ಪಾಲಾಯಿತು. ಸಂತೆಗೆ ಜೇವರ್ಗಿಗೆ ಹೋದವರೂ ದಾರಿಯುದ್ದಕ್ಕೂ ಇದೇ ಜಗಳ ಆಡಿಕೊಂಡು ಹೋಗಿ, ತರಬೇಕಾದದ್ದನ್ನು ಮರೆತು ಬರಿಗೈಲಿ ಬಂದು ಹೆಂಡಂದಿರ ಕೈಲಿ ಬೈಸಿಕೊಂಡರು. ಖಾದರಸಾಬ ಒಮ್ಮೆ ರೇವಣಪ್ಪನ ಅಂಗಡಿಕಟ್ಟೆಯಲ್ಲಿ ಕೂತು ಎಲ್ಲ ಕೇಳಿ ನಕ್ಕ.

"ರೊಟ್ಟಿ ಛಂದ ಆದ್ರ ಹಂಚಿಗೆ ಶಾಬಾಸ್ಕಿ ಕೊಡ್ತೀರೇನು ನೀವು?"

"ಹಂಚೇ ಒಡಕಿದ್ರ ರೊಟ್ಟಿ ಬರ್ತದೇನು ಕಾಕಾ?" ಎಂದ ರೇವಣಪ್ಪ.

"ಬಡಿಯಾಕಿ ಶಾಣ್ಯಾ ಇದ್ರ ಒಡಕ ಹಂಚಿನ್ಯಾಗೂ ಬರ್ತದ," ಎಂದು ಖಾದರಸಾಬ ಬೀಡಿ ಹೊತ್ತಿಸಿದ.

ಮಿಲ್ಟ್ರಿ ರೈಫಲ್ಲನ್ನು ಅಡಗಿಸಿಟ್ಟದ್ದು ಖಾದರಸಾಬನ ಮನೆಯಲ್ಲೇ. ಹುಡುಕಲು ಬಂದ ನಿಜಾಮರ ಮಂದಿ ಮುಸಲ್ಮಾನರ ಮನೆ ಹೊಕ್ಕು ನೋಡಲಾರರು ಎಂಬುದು ಗೌಡರ ಲೆಕ್ಕ. ಸಿಕ್ಕಿಬಿದ್ದರೆ ಅವನ ಗತಿ ಏನೆಂದು ಯಾರೂ ಕೇಳಲಿಲ್ಲ, ಅವನೂ ಕೇಳಲಿಲ್ಲ. "ಇಡ್ರಿ, ಜ್ವಾಳ ತುಂಬೋ ಗುಮ್ಮಿ ಹಿಂದ ಜಾಗಾ ಅದ," ಎಂದಷ್ಟೇ ಅಂದಿದ್ದ.

ಖಂಡೇಪೂಜೆಯ ದಿನ ಮಾತ್ರ ಅದು ನಾಗಣ್ಣನ ಮನೆಗೆ ಬಂತು. ಕುಡುಗೋಲು, ಕೊಡಲಿ, ಕುಂಟೆಯ ಜೊತೆ ಅದನ್ನೂ ಜಗಲಿಯ ಮೇಲಿಟ್ಟು ನಾಗಣ್ಣನ ಹೆಂಡತಿ ಗುರುಬಾಯಿ ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದಳು. ನರೋಣಾದ ಹೆಣ್ಣು, ದೇವರೆಂದರೆ ಪ್ರಾಣ. ಯಾವ ದೇವರಾದರೂ ಸರಿ, ಒಳ್ಳೆಯದು ಮಾಡುವುದಾದರೆ ಕೈ ಮುಗಿಯಲು ಅವಳಿಗೆ ಬೇಸರವಿಲ್ಲ. ಪೂಜೆ ಮುಗಿಸಿ ಸೆರಗಿನ ಗಂಟು ಬಿಚ್ಚಿ ಒಂದು ಚಪ್ಪಟೆ ತಾಮ್ರದ ತಾಯತ ತೆಗೆದಳು.

"ಪೀರಬಿ ಅಕ್ಕ ದರ್ಗಾದಿಂದ ತಂದಾಳ್ರಿ. ಹುಡೇವಿನ ಮ್ಯಾಲ ಕೂಡಾವ್ರು ನೀವು. ರಟ್ಟಿಗೆ ಕಟ್ಟಿಕೊಳ್ರಿ."

ಪೀರಬಿ ಖಾದರಸಾಬನ ಹೆಂಡತಿ. ಎರಡು ಮನೆಯ ಹಿತ್ತಿಲಿಗೆ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಕಿಂಡಿ. ಸಾರು, ಉಪ್ಪಿನಕಾಯಿ, ಗಂಡಂದಿರ ಮೇಲಿನ ದೂರು ಎಲ್ಲ ಆ ಕಿಂಡಿಯಲ್ಲೇ ಓಡಾಡುತ್ತಿದ್ದವು.

ನಾಗಣ್ಣ ನಕ್ಕ. "ಗುಂಡಿನ ಮಳಿಯೊಳಗ ಬದುಕಿ ಬಂದೇನಿ. ಈ ತಾಮ್ರದ ಚೂರು ನನ್ನ ಕಾಯ್ತದಂದ್ರ ಪಲ್ಟನ್ ಮಂದಿ ನಗ್ತಾರ. ಬ್ಯಾಡ ತಗಿ."

ಗುರುಬಾಯಿ ಸುಮ್ಮನಾದಳು. ಹೆಂಡತಿ ಸುಮ್ಮನಾದಳೆಂದರೆ ಮಾತು ಮುಗಿದಿಲ್ಲ, ಕೆಲಸ ಬೇರೆ ದಾರಿ ಹಿಡಿದಿದೆ ಎಂದು ತಿಳಿಯುವಷ್ಟು ಬುದ್ಧಿ ನಾಗಣ್ಣನಿಗೆ ಇನ್ನೂ ಬಂದಿರಲಿಲ್ಲ. ಅವನು ಹೊರಗೆ ಹೋಗಿ ಮೋಡ ನೋಡುತ್ತ ನಿಂತ. ಸಂಜೆ ರೈಫಲ್ಲು ಖಾದರಸಾಬನ ಗುಮ್ಮಿಯ ಹಿಂದಕ್ಕೆ ಮರಳಿತು.

ಹಬ್ಬ ಕಳೆದ ಮೇಲೆ ಯಾವ ರೈಫಲ್ಲು ಒಳ್ಳೆಯದೆಂದು ನೋಡಲು ಗೌಡರು ಪರೀಕ್ಷೆ ಇಟ್ಟರು. ಹಂದಿ ಓಡಿಸುವ ನೆಪ ಹೇಳಿದರೆ ಗುಂಡಿನ ಸದ್ದಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಕಡವಿನ ಹತ್ತಿರ ಹಾಳುಬಿದ್ದ ಸುಂಕದ ಕಟ್ಟೆ ಇತ್ತು. ಅದರ ಮಣ್ಣುಗೋಡೆಯ ಗೂಡಿನಲ್ಲಿ ಸುಣ್ಣ ಬಳಿದ ಗಡಿಗೆ ಇಟ್ಟರು. ಕುರಿ ಕಾಯುವ ಬೀರಣ್ಣ ಕಟ್ಟೆಯ ಮಗ್ಗುಲಿನ ದಿನ್ನೆಯ ಮರೆಗೆ ಕೂತು, ಗುಂಡು ಎಲ್ಲಿ ಬಿತ್ತೆಂದು ಕಂಬಳಿ ಬೀಸಿ ತೋರಿಸಬೇಕು. ಹುಡೇವಿನ ಮೇಲಿಂದ ಹೊಡೆಯಬೇಕು. ಗಂಡಸರು ಹುಡೇವಿನ ಸುತ್ತ, ಹೆಂಗಸರು ಮಾಳಿಗೆಗಳ ಮೇಲೆ. ನಡು ಮಧ್ಯಾಹ್ನ, ಎರೆ ನೆಲದ ಮೇಲೆ ಬಿಸಿಲು ಕುದಿಯುತ್ತಿತ್ತು. ಹೊಸದಾಗಿ ಮೊಳೆತ ಜೋಳದ ಸಾಲುಗಳು ನಡುಗುತ್ತಿದ್ದವು. ಸುಂಕದ ಕಟ್ಟೆ ನೆಲದಿಂದ ಗೇಣೆತ್ತರ ಎದ್ದು ಗಾಳಿಯಲ್ಲಿ ತೇಲುತ್ತಿದ್ದಂತೆ ಕಾಣುತ್ತಿತ್ತು.

ಯಾರು ಕಾವಲು ಕೂರಬೇಕೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ನಾಗಣ್ಣನಿಗಂತೂ ಇರಲಿಲ್ಲ. ಲಢಾಯಿಯಿಂದ ಬಂದ ಮೇಲೆ ಅವನಿಗೆ ಬೇಕಾಗಿದ್ದುದು ಇದೊಂದೇ. ಈ ಬುರುಜಿನ ಮೇಲೆ ಕೂತು, ಆ ಕನಸಿನೊಳಗಿದ್ದೇ ನಾಲ್ಕು ಜನರ ಕೆಲಸಕ್ಕೆ ಬರಬೇಕು. ದೋಣಿಯಲ್ಲಿ ಕೂಸು ಎತ್ತಿಕೊಂಡು ಕೂತ ಹೆಂಗಸೊಬ್ಬಳು ತಲೆಯೆತ್ತಿ ಹುಡೇವು ನೋಡಿ ಧೈರ್ಯ ತಂದುಕೊಳ್ಳಬೇಕು.

ಮೊದಲು ಮಿಲ್ಟ್ರಿ ರೈಫಲ್ಲು. ನಾಗಣ್ಣ ಮಂಡಿಯೂರಿ ಕೂತ. ಸದ್ದೆಲ್ಲ ಮುಳುಗಿತು. ತೇಲುವ ಗೋಡೆ, ತೇಲುವ ಗಡಿಗೆ. ಬಿಸಿಲಿನ ಅಲೆ ಗಡಿಗೆಯನ್ನು ಎತ್ತಿ ತೋರಿಸುತ್ತಿದೆ ಎಂದು ಅವನಿಗೆ ಗೊತ್ತು. ಅಷ್ಟು ಕೆಳಗೆ ಹಿಡಿದು, ಉಸಿರು ಅರ್ಧ ಬಿಟ್ಟು, ಬೆರಳು ಒತ್ತಿದ.

ಬೀರಣ್ಣ ಕಂಬಳಿಯನ್ನು ಎಡಕ್ಕೆ ಬೀಸಿದ. ಒಂದು ಮೊಳ ಎಡಕ್ಕೆ.

ತನ್ನ ಕೈಯೇ ಅಲುಗಿರಬೇಕೆಂದು ನಾಗಣ್ಣ ಇನ್ನೊಮ್ಮೆ ಹೊಡೆದ. ಮತ್ತೆ ಅಲ್ಲೇ. ಮೂರನೆಯದೂ ಅಲ್ಲೇ, ಮೊದಲಿನ ಎರಡರ ಮಗ್ಗುಲಿಗೆ. ಕೈ ತಪ್ಪಿದರೆ ಗುಂಡುಗಳು ಚೆಲ್ಲಾಡುತ್ತವೆ. ಹೀಗೆ ಒಂದೇ ಕಡೆ ಹೋಗಿ ಕೂತವೆಂದರೆ ಕೈ ನೆಟ್ಟಗಿದೆ, ಬಂದೂಕು ಸೊಟ್ಟಗಿದೆ ಎಂದೇ ಅರ್ಥ. ನಾಗಣ್ಣನಿಗೆ ತಿಳಿದದ್ದು ಹಣಮಂತ್ರಾಯನಿಗೂ ತಿಳಿಯಿತು.

ಹಣಮಂತ್ರಾಯ ಎಂದರೆ ದೌಲತರಾಯಗೌಡರ ತಮ್ಮನ ಮಗ. ಅವನಿಗೂ ಬೇಟೆಯ ಅಭ್ಯಾಸವಿತ್ತು. ಹಿಂದಿನ ತಿಂಗಳು ಆಳಂದ ಕಡೆ ಅವನ ಅಕ್ಕನ ಮನೆಗೆ ಕೊಳ್ಳೆ ಹೊಡೆಯುವ ರಜಾಕಾರರ ಗುಂಪು ನುಗ್ಗಿ ಬೆಂಕಿ ಹಚ್ಚಿತ್ತು. ಅಕ್ಕ ಉಟ್ಟ ಸೀರೆಯಲ್ಲೇ ಓಡಿಬಂದು ವಾಡೆಯಲ್ಲಿ ಮೂಲೆ ಹಿಡಿದು ಕೂತಿದ್ದಳು. ಅಂದಿನಿಂದ ಅವನು ಸರಿಯಾಗಿ ಉಂಡಿರಲಿಲ್ಲ, ಯಾರೊಡನೆಯೂ ನಕ್ಕಿರಲಿಲ್ಲ.

"ಮೂರೂ ಒಂದೇ ಜಾಗಾ," ಎಂದ ಅವನು. "ಇದು ನಾಗಣ್ಣನ ಕೈ ಅಲ್ಲ. ಬಂದೂಕಿಗೆ ಯಾರೋ ಕೈ ಹಚ್ಚ್ಯಾರ. ಇದು ಯಾರ ಮನ್ಯಾಗ ಇತ್ತು?"

ಎಲ್ಲರ ತಲೆಗಳೂ ಹುಡೇವಿನ ಬುಡದಲ್ಲಿ ನಿಂತಿದ್ದ ಖಾದರಸಾಬನ ಕಡೆ ತಿರುಗಿದವು. ನಿನ್ನೆಯವರೆಗೆ ಕಾಕಾ ಎಂದು ಕರೆದವರೆಲ್ಲ ಅವನ ಸುತ್ತಲಿಂದ ಒಂದೊಂದೇ ಹೆಜ್ಜೆ ಸರಿದರು. ಮುದುಕನ ಕೈಯಲ್ಲಿ ಬೀಡಿ ಉರಿದು ಬೆರಳಿಗೆ ತಾಗಿತು.

"ಗೌಡ್ರ, ಎಣ್ಣಿ ಹಾಕಿ ಒರಸಿಟ್ಟೇನಿ. ಅಷ್ಟ ಬಿಟ್ರ ನಾ ಏನೂ ಮುಟ್ಟಿಲ್ರಿ," ಎಂದ ಖಾದರಸಾಬ.

"ಖಾದರಸಾಬರೂ ಒಮ್ಮಿ ಹೊಡೆದು ನೋಡ್ಲಿ ಬಿಡ್ರಿ," ಎಂದು ರೇವಣಪ್ಪ ಹೇಳಲು ನೋಡಿದ.

"ಹೊಡದ್ರ ಏನಾತು? ಗಡಿಗಿಗೆ ಬಿದ್ರ, ಎಷ್ಟು ಕೆಡಿಸ್ಯಾನಂತ ಅವಂಗ ಗೊತ್ತದ ಅಂತಾತು. ಬೀಳದಿದ್ರ ಬಂದೂಕು ಕೆಟ್ಟದ್ದು ಖರೆ ಆತು," ಎಂದ ಹಣಮಂತ್ರಾಯ. ಸಿಟ್ಟಿನಲ್ಲೂ ಅವನ ತರ್ಕ ಕೆಟ್ಟಿರಲಿಲ್ಲ, ಅದೇ ದುರ್ದೈವ.

ದೌಲತರಾಯಗೌಡರು ಇಬ್ಬರ ಮುಖವನ್ನೂ ಒಮ್ಮೊಮ್ಮೆ ನೋಡಿದರು. ಕಡೆಗೆ, "ಖಾದರಸಾಬ, ನಾ ನಿನ್ನ ಮ್ಯಾಲ ಅನುಮಾನ ಪಡಾಂಗಿಲ್ಲ. ಖರೆ, ಈ ಮಂದಿನ್ನ ನಾ ಹಿಡೀಲಿಕ್ಕೆ ಆಗಾಂಗಿಲ್ಲ. ಬಂದೂಕು ಕೆಡಿಸಿದ್ದು ಹೌದಂತಾದ್ರ ಇವತ್ತೇ ಪೀರಬೀನ್ನ ಕರಕೊಂಡು ಊರು ಬಿಡಬೇಕಾಗ್ತದ," ಎಂದರು.

ಊರು ಬಿಟ್ಟು ಹೋಗುವುದೆಲ್ಲಿಗೆ? ಈ ದಂಡೆಯಲ್ಲಿ ಉಳಿದರೆ ಹಿಂದೂಗಳ ರೈಫಲ್ಲು ಅಡಗಿಸಿಟ್ಟವನೆಂದು ರಜಾಕಾರರು ಬಿಡುವುದಿಲ್ಲ. ಹೊಳೆ ದಾಟಿದರೆ ರೈಫಲ್ಲು ಕೆಡಿಸಿದವನೆಂದು ಶಿಬಿರದವರು ಬಿಡುವುದಿಲ್ಲ. ಎರಡು ದಂಡೆಗಳಿರುವ ಹೊಳೆಯಲ್ಲಿ ಅವನಿಗೆ ಉಳಿಯುವುದು ನಡುನೀರು ಒಂದೇ. ಹುಡೇವಿನ ಮೇಲೆ ಕೂತ ನಾಗಣ್ಣನಿಗೆ ಇದೆಲ್ಲ ಒಂದೇ ಕ್ಷಣಕ್ಕೆ ಕಂಡಿತು.

ಅವನು ರೈಫಲ್ಲನ್ನು ತೊಡೆಯ ಮೇಲೆ ಮಲಗಿಸಿ ನೋಡಿದ. ಗುರಿಮಣಿ ನೆಟ್ಟಗಿತ್ತು. ಗುರಿ ಹಿಡಿಯುವ ಹಿಂದಿನ ಕಣ್ಣೂ ನೆಟ್ಟಗಿತ್ತು. ಕಾದ ನಳಿಗೆಯಿಂದ ಎಣ್ಣೆಯ ವಾಸನೆ ಬರಬೇಕಿತ್ತು, ಬಂದದ್ದು ಲೋಬಾನದ ವಾಸನೆ. ಮೂತಿಯ ಹತ್ತಿರ ನಳಿಗೆಗೂ ಕಟ್ಟಿಗೆಗೂ ನಡುವಿನ ಸಂದಿಯಲ್ಲಿ, ಬಲಮಗ್ಗುಲಿಗೆ, ಏನೋ ಮಿಣುಕಿತು. ಬೆರಳಿಟ್ಟು ನೋಡಿದ. ತಾಮ್ರ. ಅದಕ್ಕೆ ಸುತ್ತಿದ್ದ ಹಸಿರು ದಾರ ಗುರುಬಾಯಿಯ ಇಳಕಲ್ ಸೀರೆಯ ಅಂಚಿನದು.

ಗಂಡನ ರಟ್ಟೆ ಒಲ್ಲೆನೆಂದರೆ ಗಂಡನ ಬಂದೂಕಿನ ರಟ್ಟೆಗಾದರೂ ಇರಲಿ ಎಂದು ತುರುಕಿದ್ದಳು ಪುಣ್ಯಾತ್ಗಿತ್ತಿ. ಬೆರಳುಗುರಿನಷ್ಟು ತಾಮ್ರ ಕಬ್ಬಿಣದ ನಳಿಗೆಯನ್ನು ಕೂದಲೆಳೆಯಷ್ಟು ಎಡಕ್ಕೆ ನೂಕಿತ್ತು. ಇಲ್ಲಿನ ಕೂದಲೆಳೆ ಅಲ್ಲಿ ಸುಂಕದ ಕಟ್ಟೆಗೆ ಹೋಗುವಷ್ಟರಲ್ಲಿ ಒಂದು ಮೊಳವಾಗಿತ್ತು.

ನಾಗಣ್ಣ ತಲೆಯೆತ್ತಿ ಮಾಳಿಗೆಯ ಕಡೆ ನೋಡಿದ. ಬಿಸಿಲಿನ ಅಲೆಯಲ್ಲಿ ಹೆಂಗಸರೆಲ್ಲ ನೀರಿನಡಿಯಲ್ಲಿ ನಿಂತಂತೆ ಕಾಣುತ್ತಿದ್ದರು. ಅವರ ನಡುವೆ ಗುರುಬಾಯಿ ಪೀರಬಿಯ ಕೈ ಬಿಗಿಯಾಗಿ ಹಿಡಿದು ನಿಂತಿದ್ದಳು. ಒಂದು ಗಳಿಗೆ ಅವನಿಗೆ ಕುಣಿಯುವಷ್ಟು ಸಂತೋಷವಾಯಿತು: ಕಾರಣ ಸಿಕ್ಕಿತು, ಎತ್ತಿ ತೋರಿಸಿದರೆ ಮುಗಿಯಿತು. ಮರುಗಳಿಗೆ ಆ ಸಂತೋಷ ಕಾಲಕೆಳಗೆ ಕುಸಿಯಿತು. ಏನನ್ನು ತೋರಿಸುವುದು? ದರ್ಗಾದ ತಾಯತವನ್ನು? ಕೊಟ್ಟವರು ಯಾರು ಎಂದರೆ ಪೀರಬಿ ಎನ್ನುವುದನ್ನು? ಬೆಂಕಿ ಬಿದ್ದ ಎದೆಯ ಹಣಮಂತ್ರಾಯನ ಮುಂದೆ ಅದು ಇಬ್ಬರು ಹೆಂಗಸರ ಪ್ರೀತಿ ಎಂದು ಯಾರು ನಂಬುತ್ತಾರೆ? ಮಾಟ ಎನ್ನುತ್ತಾರೆ, ಮೋಸ ಎನ್ನುತ್ತಾರೆ. ಗುರುವನ್ನು ಉಳಿಸಬೇಕಾದ ಸತ್ಯವೇ ಗುರುವಿನ ಕುತ್ತಿಗೆಗೆ ಬರುತ್ತದೆ.

ನಾಗಣ್ಣ ವಸ್ತ್ರದಿಂದ ನಳಿಗೆ ಒರೆಸುವವನಂತೆ ಮಾಡಿ, ಉಗುರಿನಲ್ಲಿ ತಾಯತ ಹೊರಗೆಳೆದು ಮೈಮೇಲಿನ ಬಂಡಿಯ ಕಿಸೆಗೆ ಜಾರಿಸಿದ. ಆಮೇಲೆ ಎದ್ದು ನಿಂತ.

"ಬಂದೂಕು ಸರಿ ಅದರಿ ಗೌಡ್ರ. ನನ್ನ ಕಣ್ಣು ಸರಿ ಇಲ್ಲ."

ಎಲ್ಲರೂ ಮೇಲೆ ನೋಡಿದರು.

"ಲಢಾಯಿಯಿಂದ ಬಂದಾಗಿಂದ ಎಡಕ್ಕ ಎಳಿತದ. ನಾಚಿಕಿಗೆ ಹೇಳಿದ್ದಿಲ್ಲ. ನೇಗಿಲ ಸಾಲು ಸೊಟ್ಟ ಹೋಗೋದು ನೀವೇ ನೋಡೀರಲ್ಲ."

ಇದನ್ನು ಕೇಳಿ ಒಂದಿಬ್ಬರು ಹೌದೆಂಬಂತೆ ತಲೆಯಾಡಿಸಿದರು. ಹಣಮಂತ್ರಾಯ ಆಡಿಸಲಿಲ್ಲ. ಅವನು ಮೆಟ್ಟಿಲು ಹತ್ತಿ ಬಂದು ಹೂವಿನ ರೈಫಲ್ಲನ್ನು ನಾಗಣ್ಣನ ಕೈಗಿಟ್ಟ. "ಗುರೂನ್ನ ಉಳಿಸಾಕ ಸುಳ್ಳು ಹೇಳಬ್ಯಾಡ ನಾಗಣ್ಣ. ಇದು ನಮ್ಮ ಮನೀದು, ಇದರ ಗುರಿ ನೆಟ್ಟಗದ ಅಂತ ಊರಿಗೆ ಗೊತ್ತು. ಇದರ್ಲೆ ಹೊಡಿ. ನಿನ್ನ ಕಣ್ಣು ಕೆಟ್ಟಿದ್ರ ಇದೂ ಅಲ್ಲೇ ಹೋಗಬೇಕು. ಗಡಿಗಿ ಒಡೀತಂದ್ರ ಮುದುಕ ಇವತ್ತೇ ಊರು ಬಿಡ್ತಾನ."

ಗೌಡರು ಹೌದೆಂದು ಕೈ ಎತ್ತಿದರು. ಎರಡು ತೋಟಾ ಕೊಟ್ಟರು.

ಈಗ ನೋಡಿ ಅವನ ಪಾಡು. ಎಲ್ಲೋ ಒಂದು ಕಡೆ ಹಾರಿಸಿ ಗುರಿ ತಪ್ಪಿಸುವುದು ಯಾವ ದಡ್ಡನಿಗೂ ಬರುತ್ತದೆ. ಹಾಗೆ ಮಾಡಿದರೆ ಬೇಕೆಂದೇ ತಪ್ಪಿಸಿದ್ದು ಎಲ್ಲರಿಗೂ ತಿಳಿಯುತ್ತದೆ. ಕೆಟ್ಟ ಕಣ್ಣಿನವನ ಗುಂಡು ಎಲ್ಲಿ ಬೀಳಬೇಕೋ ಅಲ್ಲೇ ಬೀಳಬೇಕು: ಮೊದಲಿನ ಮೂರು ತೂತುಗಳ ಪಕ್ಕಕ್ಕೆ, ಅದೇ ಎತ್ತರಕ್ಕೆ. ಗಡಿಗೆಯಾದರೆ ಬೆಳ್ಳಗೆ ಕಾಣುತ್ತದೆ. ಅಲ್ಲಿ ಇರುವುದು ಬರೀ ಮಣ್ಣುಗೋಡೆ. ಈ ದೂರದಿಂದ ತೂತುಗಳು ಕಾಣುವುದಿಲ್ಲ, ಗೋಡೆಯೇ ಬಿಸಿಲಿನಲ್ಲಿ ಕರಗಿ ಕರಗಿ ಕೂಡಿಕೊಳ್ಳುತ್ತಿದೆ. ಕಾಣದ ಜಾಗಕ್ಕೆ, ಕೈಗೆ ರೂಢಿಯಿಲ್ಲದ ರೈಫಲ್ಲಿನಿಂದ ಹೊಡೆಯಬೇಕು. ಹೊಡೆದು ಗೆದ್ದರೆ ಈ ಹುಡೇವು, ಈ ಕಾವಲು, ತನ್ನ ಹೆಸರು ಎಲ್ಲ ಹೋಯಿತು. ಸೋತರೆ ಕಾಕಾ ಹೋದ.

ಅವನ ಬೆರಳುಗಳು ಬೆವೆತವು. ಬಂದೂಕು ಹಿಡಿದು ಬೆರಳು ಬೆವೆತದ್ದು ಅವನ ಜನ್ಮದಲ್ಲೇ ಮೊದಲ ಸಲ. ಹೆದರಿಕೆಯಾಗಿತ್ತು, ಬರೀ ಹೆದರಿಕೆ.

ಮಂಡಿಯೂರಿದ. ಬೆಳ್ಳಿ ಹೂಬಳ್ಳಿ ಕೆನ್ನೆಗೆ ತಣ್ಣಗೆ ತಾಗಿತು. ಹೊಳೆಯ ಕಡೆಯಿಂದ ಗಾಳಿ ಸಣ್ಣಗೆ ಬೀಸುತ್ತಿತ್ತು, ಜೋಳದ ಎಳೆಗರಿಗಳು ಅದನ್ನು ಹೇಳುತ್ತಿದ್ದವು. ಸದ್ದುಗಳು ಒಂದೊಂದಾಗಿ ಮುಳುಗಿದವು. ಹಣಮಂತ್ರಾಯನ ಉಸಿರು ಮುಳುಗಿತು, ಊರು ಮುಳುಗಿತು. ಗೋಡೆ ನೆಲ ಬಿಟ್ಟು ಎದ್ದು ತೇಲಿತು. ಬಿಳಿ ಗಡಿಗೆ ಮಾತ್ರ ಕಣ್ಣು ಎಳೆಯುತ್ತಿತ್ತು. ಇಷ್ಟು ವರ್ಷ ಗುರಿಯನ್ನೇ ನೋಡಿ ಬೆಳೆದ ಕಣ್ಣು, ಹಟಮಾರಿ ದನದಂತೆ ತನ್ನ ಗೂಟಕ್ಕೇ ಹೋಗುತ್ತಿತ್ತು. ನಾಗಣ್ಣ ಬಲವಂತ ಮಾಡಲಿಲ್ಲ. ಗಡಿಗೆಯನ್ನು ನೋಡಿದ. ಆಮೇಲೆ ಗಡಿಗೆಯನ್ನು ಮರೆತ. ಮರೆತಾಗ ಅದು ಮಂಜಿನೊಳಗಿನ ಕೊಕ್ಕರೆಯ ಹಾಗೆ ಅಳಿಸಿಹೋಯಿತು. ಖಾಲಿ ಗೋಡೆಯ ಮೇಲೆ ಒಂದು ಅಂಗೈಯಷ್ಟು ಜಾಗ ಉಳಿಯಿತು. ಅದು ಅಲ್ಲೇ ಇದೆ ಎಂದು ಅವನಿಗೆ ಹೇಗೆ ಗೊತ್ತಾಯಿತೆಂದರೆ ಹೇಳಲು ಬಾರದು. ಕತ್ತಲ ಮನೆಯಲ್ಲಿ ನೀರಿನ ಕೊಡಕ್ಕೆ ಕೈ ಹೋಗುವ ಹಾಗೆ ಗೊತ್ತಾಯಿತು. ಆಮೇಲೆ ತನ್ನನ್ನೂ ಮರೆತ.

ಗುಂಡು ಹೋಯಿತು.

ಬೀರಣ್ಣ ಮರೆಯಿಂದ ಎದ್ದು ಗೋಡೆಯ ಹತ್ತಿರ ಹೋಗಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕಂಬಳಿ ಎತ್ತಿ ಎಡಕ್ಕೆ ಬೀಸಿ, "ಅಲ್ಲೇ ಬಿದ್ದದ! ಮೂರರ ಮಗ್ಗಲಕ್ಕ!" ಎಂದು ಕೂಗಿದ.

ಅವನು ಮತ್ತೆ ದಿನ್ನೆಯ ಮರೆಗೆ ಸರಿದ ಮೇಲೆ ಎರಡನೆಯ ಗುಂಡು ಹೋಯಿತು. ಅದೂ ಅಲ್ಲೇ ಬಿತ್ತು.

ಆಮೇಲೆ ಯಾರೋ ಕಿಸಕ್ಕನೆ ನಕ್ಕರು. ನಗು ಹುಡೇವಿನ ಸುತ್ತ ಹಬ್ಬಿ ಮಾಳಿಗೆ ಹತ್ತಿತು. ಪಲ್ಟನ್ನಿನ ಹೆಸರು ಹೇಳಿಕೊಂಡು ಇಷ್ಟು ದಿನ ಹುಡೇವಿನ ಮೇಲೆ ಮೆರೆದವನು ಕುರುಡನಂತೆ! ಮೆರೆದವನಲ್ಲ ಅವನು, ಸುಮ್ಮನೆ ಕೂತವನು. ಆದರೆ ನಗುವ ಜನಕ್ಕೆ ಅದೆಲ್ಲ ಯಾಕೆ ಬೇಕು? ಹಣಮಂತ್ರಾಯ ಮಿಲ್ಟ್ರಿ ರೈಫಲ್ಲು ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಏನೂ ಕಾಣಲಿಲ್ಲ. ಕೂತು ಒಂದು ಗುಂಡು ಹಾರಿಸಿದ. ಗಡಿಗೆಯ ಕಂಠ ಹಾರಿಹೋಯಿತು. ಊರೆಲ್ಲ ಹೋ ಎಂದು ಕೂಗಿತು. ಹಣಮಂತ್ರಾಯನ ಮುಖದ ಮೇಲೆ, ಆ ತಿಂಗಳಲ್ಲಿ ಮೊದಲ ಬಾರಿಗೆ, ನಗುವಿನಂಥದ್ದೇನೋ ಬಂದು ಹೋಯಿತು. ಗೌಡರು ಕಡವಿನ ಕಾವಲನ್ನು ಅವನಿಗೇ ಒಪ್ಪಿಸಿದರು. ಅವನ ಹೊಡೆತ ಸಾಧಾರಣದ್ದೇ. ಹುಡೇವಿಗೆ ಅಷ್ಟು ಸಾಕು ಎಂದು ನಾಗಣ್ಣ ತನಗೆ ತಾನೇ ಹೇಳಿಕೊಂಡ.

ಮಾಳಿಗೆಯ ಮೇಲೆ ಗುರುಬಾಯಿ ಮಾತ್ರ ನಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಗಂಡನನ್ನೇ ನೋಡುತ್ತಿದ್ದಳು. ಪೀರಬಿ ಏನೂ ತಿಳಿಯದೆ, ಮಗನಂಥ ಹುಡುಗನ ಕಣ್ಣು ಹೋಯಿತಲ್ಲ ಎಂದು ಅವಳ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳುತ್ತಿದ್ದಳು.

ಇಳಿಹೊತ್ತಿಗೆ ಜನ ಚದುರಿದ ಮೇಲೆ ನಾಗಣ್ಣ ಸುಂಕದ ಕಟ್ಟೆಗೆ ಬಂದ. ಖಾದರಸಾಬ ಆಗಲೇ ಅಲ್ಲಿದ್ದ. ಗೋಡೆಯ ಮುಂದೆ ನಿಂತು ಐದೂ ತೂತುಗಳ ಮೇಲೆ ಅಂಗೈ ಇಟ್ಟಿದ್ದ. ಒಂದೂ ಹೊರಗೆ ಕಾಣುತ್ತಿರಲಿಲ್ಲ. ಹೊಳೆಯ ಮೇಲೆ ಬಿಸಿಲು ಕೆಂಪಾಗಿ, ಆಚೆಯ ದಂಡೆ ಹೊಗೆಯ ಹಾಗೆ ತೇಲುತ್ತಿತ್ತು.

"ಮೂರು ಗುಂಡನ್ನ ಬಂದೂಕು ಹೊಡೀತು," ಎಂದ ಖಾದರಸಾಬ, ತಿರುಗದೆಯೇ. "ಎರಡು ನೀ ಹೊಡದಿ."

ನಾಗಣ್ಣ ಗೋಡೆಯ ಬುಡದ ಮಣ್ಣುಹೆಂಟೆಯೊಂದನ್ನು ಕಾಲಿನಿಂದ ಸರಿಸಿದ.

"ಬಂದೂಕಿಗೆ ಏನಾಗಿತ್ತೋ ಬೇಟಾ?"

"ಕೇಳಬ್ಯಾಡ್ರಿ ಕಾಕಾ. ಯಾರದೂ ತಪ್ಪಿಲ್ಲ."

ಮುದುಕ ಮತ್ತೆ ಕೆದಕಲಿಲ್ಲ. ಗೋಡೆಯಿಂದ ಕೈ ತೆಗೆದು ಅಂಗೈ ನೋಡಿಕೊಂಡ. "ನಿನಗ ಬರೋದೆಲ್ಲಾ ನಾ ಕಲಿಸಿದ್ದು ಅಂತ ತಿಳಿದಿದ್ದೆ. ಇದನ್ನ ನಾ ಕಲಿಸಿಲ್ಲ. ಇದು ನನಗ ಬರಾಂಗಿಲ್ಲ." "ನಾ ಹೋಗಿ ಗೌಡ್ರಿಗೆ ಹೇಳ್ತೇನಿ. ನಿನ್ನ ಕೈ ಎಂಥಾದ್ದಂತ ಊರಿಗೆ ಗೊತ್ತಾಗಬೇಕು."

"ಹೇಳಿದ್ರ ನಿಮ್ಮನ್ನ ಊರಿಂದ ಕಳಿಸ್ತಾರ್ರಿ. ನಾ ಹೊಡೆದದ್ದು ಹಾಳಾಗ್ತದ."

ಅಷ್ಟರಲ್ಲಿ ದಾರಿಯ ಕಡೆಯಿಂದ ಮಾತು ಕೇಳಿಸಿತು. ಹಣಮಂತ್ರಾಯ ಹೆಗಲಿಗೆ ರೈಫಲ್ಲು ಹಾಕಿಕೊಂಡು, ರೇವಣಪ್ಪ ಮತ್ತು ಇನ್ನೂ ನಾಲ್ಕೈದು ಜನರೊಡನೆ ಕಡವು ನೋಡಲು ಬರುತ್ತಿದ್ದ. ಖಾದರಸಾಬನನ್ನು ಕಂಡು ಅವನ ಹೆಜ್ಜೆ ತಡವರಿಸಿತು. ತಪ್ಪು ಒಪ್ಪಿಕೊಳ್ಳಲು ಗೊತ್ತಿಲ್ಲದ ಮನುಷ್ಯ. ಚೇಷ್ಟೆಯಲ್ಲೇ ದಾರಿ ಹುಡುಕಿದ.

"ಏನ್ರಿ ಕಾಕಾ, ನಿಮ್ಮ ಶಿಷ್ಯಾನ ಕಣ್ಣು ಹಿಂಗಾತಲ್ಲ?"

ಕಾಕಾ ಎಂದಿದ್ದ. ಮಧ್ಯಾಹ್ನ ಸರಿದುಹೋಗಿದ್ದ ಮಾತು ಮರಳಿ ಬಂದಿತ್ತು. ಎಲ್ಲರೂ ಮುದುಕನ ಬಾಯಿ ನೋಡಿದರು. ಬಂದೂಕಿನ ವಿಷಯದಲ್ಲಿ ಈ ಮನುಷ್ಯ ಜನ್ಮದಲ್ಲಿ ಒಂದು ಸುಳ್ಳು ಹೇಳಿದವನಲ್ಲ. ಕೆಟ್ಟ ಹೊಡೆತಕ್ಕೆ ಗೌಡರನ್ನೂ ಹೊಗಳಿದವನಲ್ಲ. ಅವನು ನಾಗಣ್ಣನ ಕಡೆ ನೋಡಿದ. ನಾಗಣ್ಣ ಕಾಣುವುದೋ ಕಾಣದೋ ಎಂಬಷ್ಟು ತಲೆ ಅಲ್ಲಾಡಿಸಿದ.

"ಹೌದಪಾ," ಎಂದ ಖಾದರಸಾಬ. "ಇವನ ಕಣ್ಣು ಮೊದಲಿಂದ ಹಿಂಗೇ. ಕಲಿಸುವಾಗೇ ನನಗ ಗೊತ್ತಿತ್ತು. ಇನ್ನ ಇವನ ಕೈಗೆ ಬಂದೂಕು ಕೊಡಬ್ಯಾಡ್ರಿ, ಯಾರದರೆ ಎಮ್ಮಿ ಹೊಡೆದಾನು."

ಜನ ಬಿದ್ದುಬಿದ್ದು ನಕ್ಕರು. ರೇವಣಪ್ಪ ನಾಗಣ್ಣನ ಬೆನ್ನು ತಟ್ಟಿ, "ಬಾರೋ, ನಿಂಗ ದನಾ ಕಾಯೋ ಕೆಲಸ ಹುಡುಕೂನು, ಎಡಕ್ಕ ಹೋಗೋ ದನಾ!" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ಖಾದರಸಾಬ. ನಗಲೇಬೇಕಿತ್ತು. ನಗುತ್ತ ನಗುತ್ತ ಅವನು ಶಿಷ್ಯನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಊರ ದಾರಿ ಹಿಡಿದ ಮೇಲೂ ಬಿಡಲಿಲ್ಲ. ಕಣ್ಣು ಕಾಣದವನನ್ನು ನಡೆಸಿಕೊಂಡು ಹೋಗುತ್ತಿದ್ದಾನೆ ಎಂದು ಜನ ಇನ್ನಷ್ಟು ನಕ್ಕರು.